ವಿಲ್ಲಿ ಮಿಚೆಲ್ ಬರೀ ದುಡ್ಡು ಹಾಕಿದವರಾ?

ಪ್ರಶ್ನೆ: ಅಮೆರಿಕದ ಸೋಲ್ ಗಾಯಕ ಆಲ್ ಗ್ರೀನ್ ಬಗ್ಗೆ ಮಾತು ಬಂದಾಗಲೆಲ್ಲ ಪ್ರೊಡ್ಯೂಸರ್ ವಿಲ್ಲಿ ಮಿಚೆಲ್ ಅವರನ್ನು ಹೊಗಳುತ್ತೀರಿ. ಹಾಡಿದ್ದು ಗ್ರೀನ್, ನುಡಿಸಿದ್ದು ಬ್ಯಾಂಡು. ದುಡ್ಡು ಹಾಕಿದವರಿಗೆ ಯಾಕೆ ಇಷ್ಟೊಂದು ಹೊಗಳಿಕೆ?

ಉತ್ತರ: ಇದಕ್ಕೆ ಎಷ್ಟನೇ ಸಲ ಉತ್ತರ ಬರೆಯುತ್ತಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ. ತಪ್ಪು ನಿಮ್ಮದಲ್ಲ, ಗಾಂಧಿನಗರದ್ದು. ನಮಗೆ ಪ್ರೊಡ್ಯೂಸರ್ ಅಂದರೆ ಸಾಲ ಮಾಡಿ ಸಿನಿಮಾ ತೆಗೆಯುವವರು, ಮುಹೂರ್ತದ ದಿನ ಹಾರ ಹಾಕಿಸಿಕೊಳ್ಳುವವರು. ಅಮೆರಿಕದ ಕಪ್ಪು ಜನರ ಹಾಡುಗಾರಿಕೆಯಿಂದ ಬೆಳೆದ ಸೋಲ್ (soul) ಸಂಗೀತದಲ್ಲಿ ಹಾಗಲ್ಲ. ನಮ್ಮ ಸಂಗೀತ ನಿರ್ದೇಶಕರ ಕೆಲಸ, ರೆಕಾರ್ಡಿಂಗ್ ಇಂಜಿನಿಯರ್ ಕೆಲಸ ಎರಡನ್ನೂ ಒಬ್ಬರ ತಲೆಗೇ ಕಟ್ಟಿ ನೋಡಿ. ಅದು ಮಿಚೆಲ್.

1928ರಲ್ಲಿ ಮಿಸಿಸಿಪ್ಪಿಯಲ್ಲಿ ಹುಟ್ಟಿದ ಇವರು ಮೂಲತಃ ಟ್ರಂಪೆಟ್ ಊದುವವರು. ಮೆಂಫಿಸ್‌ನಲ್ಲಿ ಸ್ವಂತ ಬ್ಯಾಂಡ್ ಕಟ್ಟಿದರು, ಅಲ್ಲಿನ ಹೈ ರೆಕಾರ್ಡ್ಸ್ ಅನ್ನುವ ರೆಕಾರ್ಡ್ ಕಂಪನಿ ಸೇರಿದರು. ನೀವು ಹೇಳುವ ಆ 'ಬ್ಯಾಂಡು' ಇದೆಯಲ್ಲ, ಅದನ್ನು ತಯಾರು ಮಾಡಿದ್ದೇ ಇವರು! ಗಿಟಾರ್, ಬಾಸ್, ಆರ್ಗನ್‌ಗೆ ಹಾಡ್ಜಸ್ ಮನೆಯ ಮೂವರು ಅಣ್ಣತಮ್ಮಂದಿರು. 1960ರ ದಶಕದ ಕೊನೆಯಲ್ಲಿ ಟೆಕ್ಸಸ್‌ನ ಮಿಡ್‌ಲ್ಯಾಂಡ್‌ನಲ್ಲಿ ಗ್ರೀನ್ ಸಿಕ್ಕಾಗ ಆತ ಗಂಟಲು ಹರಿಯುವಂತೆ ಹಾಡುತ್ತಿದ್ದ ಹುಡುಗ. ಮೆತ್ತಗೆ ಹಾಡು ಅಂತ ಬೆನ್ನು ಬಿದ್ದವರು ಮಿಚೆಲ್. ಗ್ರೀನ್ ಹಾಡಿದ 'ಲೆಟ್ಸ್ ಸ್ಟೇ ಟುಗೆದರ್' ಹಾಕಿ ಕೇಳಿ. ಡ್ರಮ್ ಪೆಟ್ಟು ದಿಂಬಿಗೆ ಹೊಡೆದ ಹಾಗೆ ದಪ್ಪಗೆ ಬೀಳುತ್ತದೆ, ದನಿ ಕಿವಿಯ ಪಕ್ಕದಲ್ಲೇ ಪಿಸುಗುಡುತ್ತದೆ. 1972ರಲ್ಲಿ ಅಮೆರಿಕದ ಹಿಟ್ ಹಾಡುಗಳ ಪಟ್ಟಿಯಲ್ಲಿ ಅದು ನಂಬರ್ 1. ಬರೆದವರು ಮೂವರು: ಗ್ರೀನ್, ಡ್ರಮ್ಮರ್ ಆಲ್ ಜಾಕ್ಸನ್, ಮತ್ತೆ ನಮ್ಮ 'ದುಡ್ಡು ಹಾಕಿದವರು'. ಸಾಕಲ್ವಾ? ಗಾಯಕಿ ಆನ್ ಪೀಬಲ್ಸ್ ಹಾಡುಗಳ ಹಿಂದೆಯೂ ಇದೇ ಕೈ.

ಹಾಗಾದರೆ ಗ್ರೀನ್ ಸ್ಟ್ಯಾಕ್ಸ್ ಅನ್ನುವ ಇನ್ನೊಂದು ರೆಕಾರ್ಡ್ ಕಂಪನಿಯ ಗಾಯಕ ಅಂತ ಜನ ಯಾಕೆ ಹೇಳುತ್ತಾರೆ? ನೀವು ಕೇಳಿಲ್ಲ, ಇರಲಿ. ಗ್ರೀನ್ ಹಾಡಿದ್ದು ಹೈ ಕಂಪನಿಗೆ, ಆದರೆ ಸ್ಟ್ಯಾಕ್ಸ್ ಇದ್ದದ್ದೂ ಮೆಂಫಿಸ್‌ನಲ್ಲೇ. ಆಲ್ ಜಾಕ್ಸನ್ ಅಲ್ಲೂ ನುಡಿಸುತ್ತಿದ್ದರು, ಇಲ್ಲೂ ನುಡಿಸುತ್ತಿದ್ದರು. ಅದಕ್ಕಿಂತ ಮಜಾ ಅಂದರೆ ಎರಡೂ ಕಂಪನಿಯ ಸ್ಟುಡಿಯೋ ಒಂದು ಕಾಲದಲ್ಲಿ ಸಿನಿಮಾ ಟಾಕೀಸು. ಮಿಚೆಲ್ ಕೆಲಸ ಮಾಡಿದ ರಾಯಲ್ ಸ್ಟುಡಿಯೋದಲ್ಲಿ ಕುರ್ಚಿ ಕಿತ್ತರೂ ನೆಲ ಸಮ ಮಾಡಲಿಲ್ಲ, ಇಳಿಜಾರು ಹಾಗೇ ಇದೆ. ಸ್ಟ್ಯಾಕ್ಸ್ ಕಟ್ಟಡವನ್ನು 1989ರಲ್ಲಿ ಕೆಡವಿದರು. 2010ರಲ್ಲಿ ಮಿಚೆಲ್ ತೀರಿಕೊಂಡರೂ ರಾಯಲ್ ಮುಚ್ಚಲಿಲ್ಲ. ಮನೆಯವರೇ ನಡೆಸಿಕೊಂಡು ಬಂದರು. 2014ರಲ್ಲಿ ಬ್ರೂನೋ ಮಾರ್ಸ್ ಹಾಡಿದ 'ಅಪ್‌ಟೌನ್ ಫಂಕ್' ಹಾಡಿನ ಒಂದಷ್ಟು ರೆಕಾರ್ಡಿಂಗ್ ಆಗಿದ್ದು ಅದೇ ಇಳಿಜಾರಿನ ಮೇಲೆ.