ಆಲ್ಬಾದ ಡಚೆಸ್ ನೆಲದತ್ತ ಬೆರಳು ತೋರಿಸುತ್ತಿರುವುದೇಕೆ?

ಓದುಗರ ಪ್ರಶ್ನೆ: ಸ್ಪೇನಿನ ಕಲಾವಿದ ಗೋಯಾ ರಚಿಸಿದ ಆಲ್ಬಾದ ಡಚೆಸ್ (ಆಲ್ಬಾ ಎಂಬ ಶ್ರೀಮಂತ ಮನೆತನದ ಒಡತಿ) ಭಾವಚಿತ್ರದಲ್ಲಿ ಆಕೆ ನೆಲದತ್ತ ಬೆರಳು ಮಾಡಿ ನಿಂತಿದ್ದಾಳೆ. ಇದು ಅವರಿಬ್ಬರ ಪ್ರೇಮಕ್ಕೆ ಸಾಕ್ಷಿ ಎನ್ನುತ್ತಾರೆ, ನಿಜವೇ?

ಉತ್ತರ: ಆಕೆ ತೋರಿಸುತ್ತಿರುವುದು ಕಾಲಬಳಿ ಮರಳಿನಲ್ಲಿ ಬರೆದಿರುವ ‘ಸೋಲೋ ಗೋಯಾ’, ಅಂದರೆ ‘ಗೋಯಾ ಮಾತ್ರ’ ಎಂಬ ಎರಡು ಪದಗಳನ್ನು. ಅಕ್ಷರಗಳು ನಮಗೆ ತಲೆಕೆಳಗಾಗಿಯೂ ಆಕೆಗೆ ನೇರವಾಗಿಯೂ ಇವೆ. ಅದೇ ಕೈಯ ಎರಡು ಉಂಗುರಗಳಲ್ಲಿ ಒಂದರ ಮೇಲೆ ‘ಆಲ್ಬಾ’, ಇನ್ನೊಂದರ ಮೇಲೆ ‘ಗೋಯಾ’ ಎಂದಿದೆ. ಇಷ್ಟಾದ ಮೇಲೆ ಊರಿನ ಬಾಯಿ ಸುಮ್ಮನಿರಲು ಸಾಧ್ಯವೇ?

ಸಂದರ್ಭವೂ ಆ ಕಥೆಗೆ ಒದಗಿ ಬಂದಿತು. 13ನೇ ಡಚೆಸ್ ಆಗಿದ್ದ ಮರಿಯಾ ತೆರೇಸಾ ಕಯೆತಾನಾಳ ಪತಿ 1796ರಲ್ಲಿ ತೀರಿಕೊಂಡ ನಂತರ ಆಕೆ ದಕ್ಷಿಣ ಸ್ಪೇನಿನ ಆಂಡಲೂಸಿಯಾದ ಸಾನ್‌ಲೂಕಾರ್‌ನಲ್ಲಿ ತಂಗಿದ್ದಾಗ, ಕಾಯಿಲೆಯಿಂದ ಕಿವುಡನಾಗಿದ್ದ, ಐವತ್ತು ದಾಟಿದ ಗೋಯಾ ಅಲ್ಲಿಗೆ ಹೋಗಿದ್ದ. 1797ರ ಈ ಚಿತ್ರದಲ್ಲಿ ಆಕೆಯ ಲಂಗವೂ ತಲೆಯಿಂದಿಳಿದ ಲೇಸಿನ ಮುಸುಕೂ ಕಪ್ಪು, ಆದರೆ ನಡುವಿಗೆ ಬಿಗಿದ ಪಟ್ಟಿ ಕೆಂಪು, ಮುಸುಕಿನ ಅಡಿಯಿಂದ ಇಣುಕುವ ತೋಳು ಹೊಂಬಣ್ಣ. ವೈಧವ್ಯದ ಶೋಕಕ್ಕಿಂತ, ಮ್ಯಾಡ್ರಿಡ್‌ನ ಬೀದಿಯ ಹೆಣ್ಣುಮಕ್ಕಳಾದ ‘ಮಾಹಾ’ಗಳ ಠೀವಿಯನ್ನು ಮೈಗೂಡಿಸಿಕೊಂಡ ಸಿರಿವಂತೆಯೇ ಇಲ್ಲಿ ಎದ್ದು ಕಾಣುತ್ತಾಳೆ.

ಆದರೂ ಬೆರಳನ್ನೇ ಸಾಕ್ಷಿಯೆಂದು ಒಪ್ಪುವುದು ಕಷ್ಟ. 1795ರಲ್ಲಿ ಗೋಯಾ ಆಕೆಯನ್ನು ಬಿಳಿಯುಡುಗೆಯಲ್ಲಿ, ಕಾಲಬಳಿ ಪುಟ್ಟ ನಾಯಿಯೊಂದಿಗೆ ಚಿತ್ರಿಸಿದಾಗಲೂ ಆಕೆಯ ಬೆರಳು ನೆಲದ ಬರಹದತ್ತಲೇ ಇತ್ತು; ಅಲ್ಲಿದ್ದುದು ಚಿತ್ರವನ್ನು ಡಚೆಸ್‌ಗೆ ಅರ್ಪಿಸುವ ಸಾಲು ಮತ್ತು ಕಲಾವಿದನ ಹೆಸರು. ಹಾಗಾಗಿ ಈ ಭಂಗಿ ಮೂಲತಃ ಸಹಿಯನ್ನು ಮೆರೆಸುವ ಒಂದು ಜಾಣತನ. 1797ರಲ್ಲಿ ಹೊಸದಾಗಿ ಸೇರಿದ್ದು ‘ಸೋಲೋ’ ಎಂಬ ಪದ. ಅದನ್ನೂ ಯಾರೋ ಬಣ್ಣ ಬಳಿದು ಮುಚ್ಚಿದ್ದರು. 20ನೇ ಶತಮಾನದಲ್ಲಿ ಚಿತ್ರವನ್ನು ಶುಚಿಗೊಳಿಸಿದಾಗಲೇ ಅದು ಹೊರಬಂದಿತು. ಆ ಪದ ಬರೆದವನ ಆಸೆಯನ್ನು ಹೇಳೀತು, ಆಕೆಯ ಒಪ್ಪಿಗೆಯನ್ನಲ್ಲ. ಗೋಯಾನದೇ ಆದ ‘ನಗ್ನ ಮಾಹಾ’ ಚಿತ್ರದ ಹೆಣ್ಣೂ ಈಕೆಯೇ ಎಂಬ ಮಾತಿಗಂತೂ ಗಟ್ಟಿ ಆಧಾರವಿಲ್ಲ.

ನನಗೆ ಹೆಚ್ಚು ಮುಖ್ಯವೆನಿಸುವುದು ಚಿತ್ರ ಎಲ್ಲಿತ್ತು ಎಂಬುದು. ಬಿಳಿಯುಡುಗೆಯದು ಇಂದಿಗೂ ಆಲ್ಬಾ ಮನೆತನದ ಸಂಗ್ರಹದಲ್ಲಿದೆ. ಕಪ್ಪುಡುಗೆಯದು ಮಾತ್ರ ಆಕೆಯ ಮನೆ ಸೇರಲಿಲ್ಲ: 1802ರಲ್ಲಿ ಡಚೆಸ್ ಸತ್ತು ಹತ್ತು ವರ್ಷಗಳಾದ ಮೇಲೆ, ಗೋಯಾನ ಹೆಂಡತಿ ತೀರಿಕೊಂಡಾಗ ಮಾಡಿದ ಮನೆಯ ಆಸ್ತಿಪಟ್ಟಿಯಲ್ಲಿ ಅದೂ ಇತ್ತು. ಈಗ ಅದು ನ್ಯೂಯಾರ್ಕ್‌ನ ಹಿಸ್ಪಾನಿಕ್ ಸೊಸೈಟಿ ವಸ್ತುಸಂಗ್ರಹಾಲಯದಲ್ಲಿದೆ.