ಕಾಲೇಜಿನ ಬೋರ್ಡಿನಲ್ಲಿ ಎನ್‌ಬಿಎ ಅಂತಿದೆ, ಆಸ್ಟ್ರೇಲಿಯಾದಲ್ಲಿ ನಡೆಯುತ್ತಾ?

ಪ್ರಶ್ನೆ: ಮಗ ಶಿವಮೊಗ್ಗದಲ್ಲಿ ಸಿವಿಲ್ ಬಿಇ ಮುಗಿಸಿ ಮೂರು ವರ್ಷ ಆಯಿತು. ಈಗ ಆಸ್ಟ್ರೇಲಿಯಾಕ್ಕೆ ಹೋಗುವ ಯೋಚನೆಯಲ್ಲಿದ್ದಾನೆ. ಕಾಲೇಜಿನ ಗೇಟಿನ ಹತ್ತಿರ ‘ಎನ್‌ಬಿಎ ಮಾನ್ಯತೆ’ ಅಂತ ದೊಡ್ಡ ಬೋರ್ಡ್ ಇತ್ತು. ಹಾಗಾದರೆ ಅವನ ಡಿಗ್ರಿ ಅಲ್ಲಿ ನಡೆಯುತ್ತದೆ ಅಲ್ವಾ? (ತೀರ್ಥಹಳ್ಳಿ ಕಡೆಯ ತಾಯಿಯೊಬ್ಬರು)

ನಡೆಯಬಹುದು. ಆದರೆ ಬೋರ್ಡ್ ನೋಡಿ ಹೇಳಲು ಬರುವುದಿಲ್ಲ.

ನೀವು ಅಡಿಕೆ ಸೀಮೆಯವರು, ಹಾಗಾಗಿ ಅಡಿಕೆ ಲೆಕ್ಕದಲ್ಲೇ ಹೇಳುತ್ತೇನೆ. ಶಿವಮೊಗ್ಗದ ಮಂಡಿಯಲ್ಲಿ ಯಾರೂ ತೋಟಕ್ಕೆ ರೇಟು ಕಟ್ಟುವುದಿಲ್ಲ. ಒಂದೇ ತೋಟದ ಫಸಲಾದರೂ ರಾಶಿಗೆ ಒಂದು ರೇಟು, ಬೆಟ್ಟೆಗೆ ಒಂದು, ಗೊರಬಲಿಗೆ ಇನ್ನೊಂದು. ಎನ್‌ಬಿಎ, ಅಂದರೆ ಎಂಜಿನಿಯರಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ನ್ಯಾಷನಲ್ ಬೋರ್ಡ್ ಆಫ್ ಅಕ್ರೆಡಿಟೇಷನ್ ಕೂಡ ಹಾಗೆಯೇ. ಅದು ಕಾಲೇಜಿಗೆ ಮಾನ್ಯತೆ ಕೊಡುವುದಿಲ್ಲ, ಒಂದೊಂದು ಬ್ರಾಂಚಿಗೆ ಬೇರೆ ಬೇರೆಯಾಗಿ ಕೊಡುತ್ತದೆ. ಮೆಕ್ಯಾನಿಕಲ್‌ಗೆ ಇದ್ದು ಸಿವಿಲ್‌ಗೆ ಇಲ್ಲದಿರಬಹುದು. ಬೋರ್ಡಿನಲ್ಲಿ ಮಾತ್ರ ಒಂದೇ ಸಾಲು. ಇಡೀ ಕಾಲೇಜನ್ನು ಅಳೆಯುವುದು ನ್ಯಾಕ್ ಎಂಬ ಬೇರೆ ಸಂಸ್ಥೆ. ಹೊರದೇಶದ ಎಂಜಿನಿಯರ್ ನೋಂದಣಿಗೆ ಅದರ ಮಾನ್ಯತೆ ಲೆಕ್ಕಕ್ಕೆ ಬರುವುದಿಲ್ಲ.

ಹೊರದೇಶದ ಮಾತು ಬರುವುದು ವಾಷಿಂಗ್ಟನ್ ಒಪ್ಪಂದದಿಂದ. 1989ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್ ಸೇರಿ ಮಾಡಿಕೊಂಡದ್ದು. ನೀವು ಮಾನ್ಯತೆ ಕೊಟ್ಟ ಎಂಜಿನಿಯರಿಂಗ್ ಪದವಿಯನ್ನು ನಾವು ನಮ್ಮದಕ್ಕೆ ಸಮ ಅಂತ ನೋಡುತ್ತೇವೆ ಎನ್ನುವುದು ಅದರ ಸಾರ. ಭಾರತದ ಪರವಾಗಿ ಎನ್‌ಬಿಎ 2014ರ ಜೂನ್ 13ರಂದು ಪೂರ್ಣ ಸದಸ್ಯನಾಯಿತು. ಅದಕ್ಕೆ ಮೊದಲು ಪಾಸಾದವರಿಗೆ ಈ ದಾರಿ ಇಲ್ಲ. ಕುವೆಂಪು ವಿಶ್ವವಿದ್ಯಾಲಯದ ಹೆಸರಿನ ಬಿಇ ಸರ್ಟಿಫಿಕೇಟ್ ಇಟ್ಟುಕೊಂಡ ನನ್ನಂಥ ಹಳಬರು ಸುಮ್ನೆ ಆಸೆ ಪಡುವುದು ಬೇಡ.

ಜಾಸ್ತಿ ಜನ ಎಡವುವುದು ಇದರ ಮುಂದೆ. ಎನ್‌ಬಿಎ ಮಾನ್ಯತೆಯಲ್ಲಿ ಟಿಯರ್-1, ಟಿಯರ್-2 ಅಂತ ಎರಡಿವೆ. ಟಿಯರ್-1 ಇರುವುದು ವಿಶ್ವವಿದ್ಯಾಲಯಗಳಿಗೆ, ಎನ್‌ಐಟಿಯಂಥ ಸಂಸ್ಥೆಗಳಿಗೆ, ತಾವೇ ಸಿಲಬಸ್ ಮಾಡಿ ಪರೀಕ್ಷೆ ನಡೆಸುವ ಸ್ವಾಯತ್ತ ಕಾಲೇಜುಗಳಿಗೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸಿಲಬಸ್ ಓದಿಸಿ, ವಿಟಿಯು ಪರೀಕ್ಷೆ ಬರೆಸುವ ಕಾಲೇಜುಗಳು ಟಿಯರ್-2ರಲ್ಲಿ ಅರ್ಜಿ ಹಾಕುತ್ತವೆ. ವಾಷಿಂಗ್ಟನ್ ಒಪ್ಪಂದಕ್ಕೆ ಸೇರುವುದು ಟಿಯರ್-1 ಮಾತ್ರ. ಟಿಯರ್-2 ಅಂದರೆ ಕಳಪೆ ಅಂತಲ್ಲ. ನಾನು ಮೇಷ್ಟರಾಗಿದ್ದ ಕಾಲೇಜಿಗೆ ಎನ್‌ಬಿಎ ತಂಡ ಬಂದಾಗ ಒಂದೊಂದು ವಿಷಯದ ಫೈಲು, ಇಂಟರ್ನಲ್ಸ್ ಪೇಪರು, ಹಳೆ ವಿದ್ಯಾರ್ಥಿಗಳ ಪಟ್ಟಿ ಜೋಡಿಸುತ್ತಾ ರಾತ್ರಿ ಹತ್ತಾದರೂ ಮನೆಗೆ ಹೋಗಿರಲಿಲ್ಲ. ಆಮೇಲೆ ಬೋರ್ಡ್ ಬರೆಸುವಾಗ ‘ಟಿಯರ್-2’ ಅನ್ನುವ ಪದವನ್ನು ಕೈಬಿಟ್ಟರು. ಜಾಗ ಸಾಲದೆ ಅಂತೂ ಅಲ್ಲ.

ಈಚೆಗೆ ಹಲವು ಕಾಲೇಜುಗಳು ಸ್ವಾಯತ್ತ ಆಗುತ್ತಿವೆ. ಆದರೂ ಡಿಗ್ರಿ ಸರ್ಟಿಫಿಕೇಟ್ ಕೊಡುವುದು ವಿಟಿಯುವೇ. ಹಾಗಾಗಿ ಸರ್ಟಿಫಿಕೇಟ್ ನೋಡಿದರೂ ಟಿಯರ್ ಗೊತ್ತಾಗುವುದಿಲ್ಲ. ಜೊತೆಗೆ ವರ್ಷದ ತಕರಾರೂ ಇದೆ. ಮಾನ್ಯತೆ ಸಿಗುವುದು ಮೂರು ವರ್ಷಕ್ಕೆ, ಇಲ್ಲವೇ ಆರು ವರ್ಷಕ್ಕೆ. ನಿಮ್ಮ ಮಗ ಪಾಸಾದ ವರ್ಷ ಆ ಅವಧಿಯೊಳಗೆ ಬರಬೇಕು. ಅವನು ಹೊರಬಿದ್ದ ಮರುವರ್ಷ ಕಾಲೇಜಿಗೆ ಟಿಯರ್-1 ಬಂದರೆ ಲಾಭ ಅವನ ಜೂನಿಯರುಗಳಿಗೆ.

ಅಂದರೆ ಬ್ರಾಂಚ್, ಟಿಯರ್, ವರ್ಷ, ಮೂರೂ ಕೂಡಬೇಕು. ಎನ್‌ಬಿಎ ವೆಬ್‌ಸೈಟಿನಲ್ಲಿ ಮಾನ್ಯತೆ ಪಡೆದ ಕೋರ್ಸುಗಳ ಪಟ್ಟಿ ಇದೆ, ಅಲ್ಲಿ ಸಿವಿಲ್ ಸಾಲನ್ನು ಹುಡುಕಿ. ಕಾಲೇಜಿನ ಆಫೀಸಿನಲ್ಲಿ ಎನ್‌ಬಿಎ ಪತ್ರದ ಪ್ರತಿಯನ್ನೂ ಕೇಳಿ.

ಕೂಡದಿದ್ದರೆ? ಬಾಗಿಲು ಮುಚ್ಚಿತು ಅಂತಲ್ಲ. ವಲಸೆಗೆ ಎಂಜಿನಿಯರ್‌ಗಳ ಅರ್ಹತೆ ಅಳೆಯುವುದು ಎಂಜಿನಿಯರ್ಸ್ ಆಸ್ಟ್ರೇಲಿಯಾ ಎಂಬ ಸಂಸ್ಥೆ. ಒಪ್ಪಂದದ ದಾರಿ ಇಲ್ಲದವರು ಅದಕ್ಕೆ ಸಿಡಿಆರ್ ಎಂಬ ವರದಿ ಕೊಡಬಹುದು. ತಾನು ಮಾಡಿದ ಮೂರು ಕೆಲಸಗಳ ಬಗ್ಗೆ ತನ್ನದೇ ಮಾತಿನಲ್ಲಿ ಬರೆಯಬೇಕು: ಏನು ಲೆಕ್ಕ ಹಾಕಿದೆ, ಏನು ತೀರ್ಮಾನ ಮಾಡಿದೆ ಅಂತ. ಆಗುಂಬೆ ಕಡೆಯ ಮಳೆಯಲ್ಲಿ ಒಂದು ಮೋರಿ ಕಟ್ಟಿಸಿದ್ದರೆ ಅದೂ ಸರಿ, ನೀರಿನ ಲೆಕ್ಕ ಅವನೇ ಹಾಕಿರಬೇಕು ಅಷ್ಟೆ. ರೆಡಿಮೇಡ್ ಸಿಡಿಆರ್ ಮಾರುವ ಏಜೆಂಟರು ಇದ್ದಾರೆ. ಅವರ ಹತ್ತಿರ ಹೋಗಲೇಬೇಡಿ. ನಕಲು ಸಿಕ್ಕಿಬಿದ್ದರೆ ಅರ್ಜಿ ಹೋಯಿತು, ದುಡ್ಡೂ ಹೋಯಿತು.

ಇನ್ನೊಂದು ಮಾತು. ಎಲ್ಲ ಕೂಡಿ ಬಂದರೂ ಅಲ್ಲಿಗೆ ಒಪ್ಪಿಗೆ ಸಿಕ್ಕಿದ್ದು ಓದಿಗೆ, ಕೆಲಸದ ಲೈಸೆನ್ಸಿಗಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಸ್ವತಂತ್ರವಾಗಿ ಎಂಜಿನಿಯರಿಂಗ್ ಕೆಲಸದ ಹೊಣೆ ಹೊರಲು ಆರ್‌ಪಿಇಕ್ಯೂ ಎಂಬ ಆ ರಾಜ್ಯದ ನೋಂದಣಿ ಬೇರೆ ಬೇಕು. ಅಮೆರಿಕದಲ್ಲಾದರೆ ಲೈಸೆನ್ಸಿಗೆ ಎಫ್‌ಇ ಎಂಬ ಮೊದಲ ಪರೀಕ್ಷೆ, ಸಾಮಾನ್ಯವಾಗಿ ನಾಲ್ಕು ವರ್ಷದ ಅನುಭವ, ಪಿಇ ಎಂಬ ಎರಡನೇ ಪರೀಕ್ಷೆ. ನಮ್ಮಲ್ಲಿ ಎಲ್ಲ ಎಂಜಿನಿಯರ್‌ಗಳಿಗೂ ಅನ್ವಯಿಸುವ ಇಂಥ ಕಡ್ಡಾಯ ನೋಂದಣಿ ಇಲ್ಲದ್ದರಿಂದ ಇದೆಲ್ಲ ವಿಚಿತ್ರ ಅನ್ನಿಸುತ್ತದೆ. ಸಾಫ್ಟ್‌ವೇರ್ ಹುಡುಗರಿಗೆ ಹೆಚ್ಚಿನ ಕಡೆ ಈ ತಲೆಬಿಸಿ ಇಲ್ಲ. ಸಿವಿಲ್‌ನವರಿಗೆ ಇದೆ.

ಮಗ ಊರಿನಲ್ಲಿ ಇರುವಾಗಲೇ ತಾನು ಓದಿದ ಸ್ಕೀಮಿನ (ಅವನ ಬ್ಯಾಚಿಗಿದ್ದ ಪಠ್ಯಕ್ರಮದ) ಪೂರ್ತಿ ಸಿಲಬಸ್ಸಿಗೆ ಕಾಲೇಜಿನ ಸೀಲು ಹಾಕಿಸಿಕೊಂಡು ಬರಲಿ. ಮುಂದೆ ಯಾರಾದರೂ ಅದನ್ನು ಕೇಳಿದಾಗ ಅಲ್ಲಿಂದ ಫೋನ್ ಮಾಡಿ ಹಳೆ ಸ್ಕೀಮ್ ಹುಡುಕಿಸುವಷ್ಟರಲ್ಲಿ ಒಂದು ಮಳೆಗಾಲ ಕಳೆದಿರುತ್ತದೆ.