ದೃಷ್ಟಿತೀಕ್ಷ್ಣತೆ: ‘ಸಿಕ್ಸ್ ಬೈ ಸಿಕ್ಸ್’ ಅಳೆಯುವುದು ಏನನ್ನು?

ಕಣ್ಣಿನ ಪರೀಕ್ಷೆ ಮಾಡಿಸಿಕೊಂಡು ಬಂದವರನ್ನು ಮನೆಯವರು ಮೊದಲು ಕೇಳುವುದು ‘ಪವರ್ ಎಷ್ಟು ಬಂತು?’ ಎಂದು. ಆದರೆ ಪವರ್ ಎಂಬುದು ಕನ್ನಡಕದ ಗಾಜಿನ ಅಳತೆ. ಕಣ್ಣು ಎಷ್ಟು ಸೂಕ್ಷ್ಮವಾದ ವಿವರವನ್ನು ಬಿಡಿಸಿ ಕಾಣಬಲ್ಲದು ಎಂಬುದನ್ನು ತಿಳಿಸುವುದು ಅದೇ ಚೀಟಿಯಲ್ಲಿ ಬರೆದಿರುವ 6/6, 6/9, 6/18 ಮುಂತಾದ ಅಂಕಿಗಳು. ಈ ಸಾಮರ್ಥ್ಯಕ್ಕೆ ದೃಷ್ಟಿತೀಕ್ಷ್ಣತೆ ಎಂದು ಹೆಸರು. ಮೈನಸ್ ಆರು ಪವರಿನ ದಪ್ಪ ಕನ್ನಡಕ ಧರಿಸಿದವರು ಅದರ ಮೂಲಕ 6/6 ಸಾಲನ್ನು ಸಲೀಸಾಗಿ ಓದಬಹುದು, ಪವರೇ ಇಲ್ಲದ ಕಣ್ಣು ಅಕ್ಷಿಪಟಲದ (ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರ, ರೆಟಿನಾ) ಕಾಯಿಲೆಯಿಂದ 6/60ಕ್ಕೆ ನಿಂತುಬಿಡಬಹುದು.

ಈ ಅಂಕಿಗಳ ಮೂಲ 1862ರಲ್ಲಿ ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್ ನಗರದ ನೇತ್ರವೈದ್ಯ ಹರ್ಮನ್ ಸ್ನೆಲೆನ್ ಪ್ರಕಟಿಸಿದ ಅಕ್ಷರಫಲಕದಲ್ಲಿದೆ. ಗೆರೆಯ ಮೇಲಿನ ಅಂಕಿ ಫಲಕದಿಂದ ನಾವು ಕುಳಿತಿರುವ ದೂರ. ಕೆಳಗಿನ ಅಂಕಿ ನಾವು ಓದಿದ ಕೊನೆಯ ಸಾಲನ್ನು ಆರೋಗ್ಯವಂತ ಕಣ್ಣು ಎಷ್ಟು ದೂರದಿಂದ ಓದಬಲ್ಲದೋ ಆ ದೂರ. 6/18 ಎಂದರೆ, ಇತರರು 18 ಮೀಟರ್ ದೂರದಿಂದ ಗುರುತಿಸುವ ಅಕ್ಷರವನ್ನು ಗುರುತಿಸಲು ಈ ಕಣ್ಣು ಫಲಕದಿಂದ 6 ಮೀಟರ್ ದೂರಕ್ಕೆ ಬರಬೇಕು ಎಂದರ್ಥ. ಆದ್ದರಿಂದ ಇದನ್ನು ಶೇಕಡಾ ಲೆಕ್ಕಕ್ಕೆ ಇಳಿಸಿ 6/12 ಬಂದವರಿಗೆ ‘ಅರ್ಧ ದೃಷ್ಟಿ ಹೋಗಿದೆ’ ಎನ್ನುವುದು ತಪ್ಪು. 6/6 ಸಾಲಿನ ಅಕ್ಷರ ಆರು ಮೀಟರ್ ದೂರದಿಂದ ಕಣ್ಣಿನಲ್ಲಿ ಐದು ಕೋನೀಯ ನಿಮಿಷಗಳಷ್ಟು, ಅಂದರೆ ಒಂದು ಡಿಗ್ರಿಯ ಹನ್ನೆರಡನೆಯ ಒಂದು ಪಾಲಿನಷ್ಟು, ಕೋನವನ್ನು ಮಾಡುತ್ತದೆ. ಅದರ ಎತ್ತರ ಸುಮಾರು 8.7 ಮಿಲಿಮೀಟರ್, ಗೆರೆಯ ದಪ್ಪ ಅದರ ಐದನೆಯ ಒಂದು ಪಾಲು. ಇದೇ ಪರಮಾವಧಿಯೂ ಅಲ್ಲ: ಎಳೆಯ ವಯಸ್ಸಿನ ಅನೇಕರು 6/5 ಸಾಲನ್ನೂ ಓದುತ್ತಾರೆ.

ಆರು ಮೀಟರ್ ದೂರದಿಂದ ಬರುವ ಬೆಳಕಿನ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರವಾಗಿರುವುದರಿಂದ ಕಣ್ಣಿನೊಳಗಿನ ಮಸೂರ ಶ್ರಮಪಡಬೇಕಾಗಿಲ್ಲ ಎಂಬ ಕಾರಣಕ್ಕೆ ಈ ದೂರವನ್ನು ಆರಿಸಲಾಗಿದೆ. ಕೋಣೆ ಚಿಕ್ಕದಾದರೆ ಮೂರು ಮೀಟರ್ ದೂರದಲ್ಲಿ ಕನ್ನಡಿಯಿಟ್ಟು ಅದರಲ್ಲಿ ಫಲಕವನ್ನು ತೋರಿಸುತ್ತಾರೆ. ಇಂಗ್ಲಿಷ್ ಅಕ್ಷರ ಬಾರದವರಿಗೆ ನಾಲ್ಕು ದಿಕ್ಕಿಗೆ ತಿರುಗಿಸಿದ ಇಂಗ್ಲಿಷಿನ ‘E’ ಆಕೃತಿಯ ಫಲಕವಿದೆ. ಅದರ ಕವಲುಗಳು ಯಾವ ಕಡೆಗಿವೆ ಎಂದು ಕೈ ತೋರಿಸಿದರೆ ಸಾಕು. ಕನ್ನಡ ಅಕ್ಷರಗಳ ಫಲಕಗಳೂ ಇವೆ. ಆದರೆ ದ, ಧ, ಥ ಇವು ಒಂದು ಸೀಳು ಅಥವಾ ಒಂದು ಚುಕ್ಕೆಯಿಂದ ಮಾತ್ರ ಬೇರೆಯಾಗುತ್ತವೆ, ‘ಈ’ ಅಕ್ಷರವಾದರೋ ಯಾವುದರ ಜೊತೆಗೂ ಬೆರೆಯುವುದಿಲ್ಲ. ಒಂದೇ ಸಾಲಿನ ಅಕ್ಷರಗಳೆಲ್ಲ ಸಮಾನವಾಗಿ ಕಷ್ಟವಾಗಿರಬೇಕೆಂಬ ನಿಯಮಕ್ಕೆ ನಮ್ಮ ಲಿಪಿ ಸುಲಭವಾಗಿ ಒಗ್ಗುವುದಿಲ್ಲವಾದ್ದರಿಂದ, ‘E’ ಫಲಕವೇ ಹೆಚ್ಚು ನಂಬಲರ್ಹ ಎಂದು ನನ್ನ ಅನಿಸಿಕೆ.

ಆರೋಗ್ಯವಂತ ಕಣ್ಣು 60 ಮೀಟರ್ ದೂರದಿಂದ ಓದಬಲ್ಲ ಮೇಲಿನ ದೊಡ್ಡ ಅಕ್ಷರವೂ ಕಾಣದಿದ್ದರೆ ವ್ಯಕ್ತಿಯನ್ನು ಫಲಕದ ಹತ್ತಿರಕ್ಕೆ ಕರೆದೊಯ್ಯುತ್ತಾರೆ. ಮೂರು ಮೀಟರ್ ದೂರದಲ್ಲಿ ಕಂಡರೆ ಅದು 3/60. ಅಷ್ಟೂ ಕಾಣದಿದ್ದರೆ ಬೆರಳೆಣಿಕೆ, ಬಳಿಕ ಕಣ್ಣಿನ ಮುಂದೆ ಕೈ ಆಡುವುದು ತಿಳಿಯುತ್ತದೆಯೇ ಎಂಬ ಪರೀಕ್ಷೆ, ಕೊನೆಗೆ ಟಾರ್ಚಿನ ಬೆಳಕಿನ ಅರಿವು. ಇವುಗಳ ನಡುವೆ ಬಹಳ ಸರಳವಾದ ಒಂದು ಉಪಾಯವೂ ಇದೆ. ಸೂಜಿತೂತಿನಂಥ ರಂಧ್ರವಿರುವ ಕಪ್ಪು ಬಿಲ್ಲೆಯ ಮೂಲಕ ನೋಡಿದಾಗ ಅಕ್ಷರ ಸ್ಪಷ್ಟವಾದರೆ ದೋಷ ಬೆಳಕು ಬಾಗುವ ರೀತಿಯಲ್ಲಿದೆ, ಕನ್ನಡಕದಿಂದ ಸರಿಹೋಗುತ್ತದೆ; ಆಗಲೂ ಮಸುಕಾಗಿಯೇ ಇದ್ದರೆ ಪೊರೆ, ಅಕ್ಷಿಪಟಲ ಅಥವಾ ನರದ ಕಡೆಗೆ ವೈದ್ಯರ ಗಮನ ಹರಿಯುತ್ತದೆ.

ಇಷ್ಟೆಲ್ಲ ಅಳೆದರೂ ಅಳೆದದ್ದು ಅಕ್ಷಿಪಟಲದ ನಡುವಿನ ಸಣ್ಣ ಗುಳಿಯೊಂದರ ಕೆಲಸವನ್ನು ಮಾತ್ರ. ಹತ್ತಿರದ ದೃಷ್ಟಿ ಬೇರೆ: ನಲವತ್ತು ದಾಟಿದ ಮೇಲೆ ಮಸೂರ ಗಡುಸಾಗಿ ಪತ್ರಿಕೆಯನ್ನು ತೋಳುದ್ದ ದೂರ ಹಿಡಿಯುವಂತಾಗುವುದನ್ನು ನಮ್ಮ ಜನ ‘ಚಾಳೀಸು’ ಎನ್ನುತ್ತಾರೆ, ಆ ಪದದಲ್ಲೇ ವಯಸ್ಸು ಅಡಗಿದೆ. (ದೂರದ್ದು ಕಂಡು ಹತ್ತಿರದ್ದು ಮಸುಕಾಗುವ ಹುಟ್ಟುದೋಷಕ್ಕೆ ಪಠ್ಯಪುಸ್ತಕಗಳು ‘ದೂರದೃಷ್ಟಿ’ ಎನ್ನುತ್ತವೆ, ಸಾಮಾನ್ಯ ಓದುಗರಿಗೆ ಅದು ರೋಗಕ್ಕಿಂತ ಹೊಗಳಿಕೆಯಂತೆ ಕೇಳಿಸಿದರೆ ಆಶ್ಚರ್ಯವಿಲ್ಲ.) ಮಬ್ಬು ಬೆಳಕಿನಲ್ಲಿ ಕಾಣುವುದು ಇನ್ನೊಂದು ಬಗೆಯ ಕೋಶಗಳ ಕೆಲಸ, ಅವು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯೇ ಬೇಕಾಗುತ್ತದೆ, ಎ ಜೀವಸತ್ವ ಕಡಿಮೆಯಾದಾಗ ಬರುವ ಇರುಳುಗಣ್ಣು ಹಗಲಿನ ಫಲಕದಲ್ಲಿ ಸಿಕ್ಕಿಬೀಳುವುದಿಲ್ಲ. ಬಣ್ಣದೃಷ್ಟಿಗೆ ಜಪಾನಿನ ಶಿನೋಬು ಇಶಿಹಾರ 1917ರಲ್ಲಿ ಹೊರತಂದ ಚುಕ್ಕೆಚಿತ್ರಗಳ ಪುಸ್ತಕವಿದೆ. ಮದುವೆಯಲ್ಲಿ ತೋರಿಸುವ ಅರುಂಧತಿಗೂ (ಹೆಚ್ಚಾಗಿ ಹಗಲು ಹೊತ್ತಿನಲ್ಲೇ ತೋರಿಸುತ್ತಾರೆ, ಅದಿರಲಿ) ಪಕ್ಕದ ವಸಿಷ್ಠ ನಕ್ಷತ್ರಕ್ಕೂ ನಡುವಣ ಅಂತರ ಸುಮಾರು ಹನ್ನೆರಡು ಕೋನೀಯ ನಿಮಿಷ, ಎಂದರೆ 6/6 ಅಕ್ಷರದ ಎರಡು ಪಟ್ಟಿಗಿಂತ ಹೆಚ್ಚು. ಹೀಗಿದ್ದೂ ಅದು ಹಲವರಿಗೆ ಕಾಣದಿರಲು ಅರುಂಧತಿ ಮಂಕಾಗಿರುವುದು, ನಗರದ ಆಕಾಶ ಬೆಳ್ಳಗಾಗಿರುವುದು ಕಾರಣ. ಅಲ್ಲಿ ಬೇಕಾದದ್ದು ತೀಕ್ಷ್ಣತೆಗಿಂತ ಹಿನ್ನೆಲೆಯಿಂದ ಮಸುಕಾದುದನ್ನು ಬೇರ್ಪಡಿಸುವ ಶಕ್ತಿ.

ಎಲ್ಲಕ್ಕಿಂತ ಗಂಭೀರವಾಗಿ ಕಡೆಗಣಿಸಲ್ಪಡುವುದು ದೃಷ್ಟಿಕ್ಷೇತ್ರ. ತಲೆ ತಿರುಗಿಸದೆ ಪ್ರತಿ ಕಣ್ಣು ಹೊರಬದಿಗೆ 90 ಡಿಗ್ರಿಗಿಂತ ಹೆಚ್ಚು, ಮೂಗಿನ ಬದಿಗೆ ಸುಮಾರು 60 ಡಿಗ್ರಿ ಕಾಣುತ್ತದೆ. ಗ್ಲಾಕೋಮಾ ಎಂಬ ಕಣ್ಣಿನ ನರದ ಕಾಯಿಲೆಯಲ್ಲಿ ಈ ಅಂಚುಗಳು ನೋವಿಲ್ಲದೆ ಸವೆಯುತ್ತ ಬರುತ್ತವೆ, ನಡುಭಾಗ ಕೊನೆಯವರೆಗೂ ಉಳಿಯುತ್ತದೆ. ಹಾಗಾಗಿ ಫಲಕದ ಕೊನೆಯ ಸಾಲನ್ನು ಓದುವ ವ್ಯಕ್ತಿಯೇ ಬಾಗಿಲ ಹೊಸ್ತಿಲನ್ನು ಎಡವುತ್ತಿರಬಹುದು. ವೈದ್ಯರು ಎದುರು ಕುಳಿತು, ತಮ್ಮ ಕಣ್ಣನ್ನೇ ನೋಡುತ್ತಿರಲು ಹೇಳಿ, ಬದಿಯಿಂದ ಬೆರಳನ್ನು ತರುತ್ತ ಯಾವಾಗ ಕಂಡಿತು ಎಂದು ಕೇಳುವುದು ಇದರ ಮೊದಲ ಪರೀಕ್ಷೆ. ನಿಖರವಾದ ನಕ್ಷೆಗೆ ಪೆರಿಮೆಟ್ರಿ ಯಂತ್ರ ಬೇಕು.

ನಮ್ಮ ಕಾನೂನು ಈ ಎರಡನ್ನೂ ಗಣಿಸುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ಸಾಧ್ಯವಾದ ಅತ್ಯುತ್ತಮ ಕನ್ನಡಕವನ್ನು ಹಾಕಿಸಿದ ಮೇಲೂ ಎರಡರಲ್ಲಿ ಉತ್ತಮವಾದ ಕಣ್ಣಿನ ತೀಕ್ಷ್ಣತೆ 3/60ಕ್ಕಿಂತ ಕಡಿಮೆಯಿದ್ದರೆ, ಅಥವಾ ದೃಷ್ಟಿಕ್ಷೇತ್ರ 10 ಡಿಗ್ರಿಗಿಂತ ಕಿರಿದಾಗಿದ್ದರೆ, ಅದು ಅಂಧತ್ವ. 6/18ರಿಂದ 3/60ರವರೆಗೆ, ಅಥವಾ 40ರಿಂದ 10 ಡಿಗ್ರಿಯವರೆಗೆ, ಮಂದದೃಷ್ಟಿ. ಹತ್ತು ಡಿಗ್ರಿ ಎಂದರೆ ಆರು ಮೀಟರ್ ಆಚೆಯ ಗೋಡೆಯ ಮೇಲೆ ಒಂದು ಮೀಟರ್ ಅಗಲದ ವೃತ್ತ ಮಾತ್ರ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಬಹುಕಾಲ 6/60 ಅನ್ನು ಅಂಧತ್ವದ ಗಡಿಯಾಗಿ ಇಟ್ಟುಕೊಂಡಿದ್ದು, ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೆ ಹೊಂದಿಸಲು 2017ರಲ್ಲಿ ಅದನ್ನು 3/60ಕ್ಕೆ ಇಳಿಸಲಾಯಿತು. ಹಾಗಾಗಿ ಆ ವರ್ಷದ ಹಿಂದಿನ ಮತ್ತು ಮುಂದಿನ ಅಂಧರ ಲೆಕ್ಕಗಳನ್ನು ನೇರವಾಗಿ ಹೋಲಿಸಲಾಗದು.

‘ಉತ್ತಮವಾದ ಕಣ್ಣು’ ಎಂಬ ಮಾತಿಗೆ ಇಲ್ಲಿ ತೂಕ ಹೆಚ್ಚು. ಒಂದು ಕಣ್ಣನ್ನು ಪೂರ್ತಿ ಕಳೆದುಕೊಂಡು ಇನ್ನೊಂದರಲ್ಲಿ 6/6 ಇರುವವರಿಗೆ ಸರ್ಕಾರದ ಮಾರ್ಗಸೂಚಿ ನೀಡುವುದು ಶೇಕಡಾ 30ರಷ್ಟು ವೈಕಲ್ಯ. ಮೀಸಲಾತಿಯಂಥ ಸೌಲಭ್ಯಗಳಿಗೆ ಬೇಕಾದದ್ದು ಶೇಕಡಾ 40. ಆಳವನ್ನು ಅಂದಾಜು ಮಾಡಲು ಎರಡೂ ಕಣ್ಣು ಬೇಕೆಂಬುದು ನಿಜವಾದರೂ, ಆ ಬಗೆಯ ದೃಷ್ಟಿಗೆ ಈ ಲೆಕ್ಕದಲ್ಲಿ ಪ್ರತ್ಯೇಕ ಕಾಲಮ್ಮೇ ಇಲ್ಲ.